ಶೌಚನಾಳನಿರೋಧ ಮೀಮಾಂಸೆ

ಪಾಯಖಾನೆ ಕಟ್ಟಿಕೊಂಡಾಗ ಮನೆಯಲ್ಲಿರುವ ಪದಾರ್ಥಗಳಿಂದಲೇ ಅದನ್ನು ತೆರೆಯುವ ವಿಧಿಯೂ ಆ ವಿಧಿಯ ಎಲ್ಲೆಯೂ ಈ ಪ್ರಬಂಧದ ವಿಷಯ. ನಿರೋಧನಿವೃತ್ತಿ ಇದರ ದೃಷ್ಟಪ್ರಯೋಜನ. ಒಬ್ಬರ ಮಲಗುಂಡಿಗೆ ಇನ್ನೊಬ್ಬರು ಇಳಿಯದಿರುವುದು ಪರಮಪ್ರಯೋಜನ. ಆ ಪಾಯಖಾನೆಯನ್ನು ಬಳಸುವ ಪ್ರಾಪ್ತವಯಸ್ಕರೆಲ್ಲರೂ ಸ್ತ್ರೀಪುರುಷಭೇದವಿಲ್ಲದೆ ಅಧಿಕಾರಿಗಳು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಇದರ ದೇಶ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಮೊದಲೆರಡು ಬೀದರ್ ಜಿಲ್ಲೆಯ ತಾಲೂಕುಗಳು, ಮೂರನೆಯದು ಗುಲ್ಬರ್ಗಾ ಜಿಲ್ಲೆಯದು. ಇಂದು ಅವು ತೆಲಂಗಾಣದ ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಜಿಲ್ಲೆಗಳಲ್ಲಿವೆ.

ಇಲ್ಲಿ ಆಕ್ಷೇಪ: ಪಾಯಖಾನೆ ಎಲ್ಲಿಯೂ ಪಾಯಖಾನೆಯೇ, ಶಾಸ್ತ್ರಕ್ಕೆ ದೇಶನಿರ್ದೇಶ ಏತಕ್ಕೆ? ಉತ್ತರ: ಕಾರ್ಯ ಸಮಾನವಾದರೂ ಕಾರಣ ದೇಶಾಧೀನ. ಈ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಬಿರಿಯುತ್ತದೆ; ಅದರೊಳಗೆ ಹೂತ ಕೊಳವೆಯ ಇಳಿಜಾರು ಕ್ರಮೇಣ ಕೆಡುತ್ತದೆ, ಗುಂಡಿಯ ನೀರು ನಿಧಾನವಾಗಿ ಇಂಗುತ್ತದೆ. ಜಹೀರಾಬಾದ್ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗುವುದರಿಂದ ಈ ದೋಷ ಅಲ್ಪ. ತಾಂಡೂರಿನ ನೆಲಹಾಸು ಕಲ್ಲಾದರೋ ಸುಣ್ಣಕಲ್ಲು. ಇದು ಮುಂದೆ ಆಮ್ಲವಿಚಾರದಲ್ಲಿ ನಿರ್ಣಾಯಕವಾಗುತ್ತದೆ. ಆದ್ದರಿಂದ ದೇಶನಿರ್ದೇಶ ಸಾರ್ಥಕ.

ಲಕ್ಷಣಾಧಿಕರಣ

ಹೊಯ್ದ ನೀರು ಸಹಜಗತಿಯಿಂದ ಇಳಿದು ಬಂಧಜಲದ ನಿಯತಮಟ್ಟಕ್ಕೆ ಸಕಾಲದಲ್ಲಿ ಮರಳದಿರುವುದು ನಿರೋಧ. ಕುಳಿಯ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ನಿಂತು ಕೊಳವೆಯ ಅನಿಲವನ್ನು ಮನೆಯೊಳಗೆ ಬಿಡದ ನೀರೇ ಬಂಧಜಲ. ಆ ಬಾಗು ಬಂಧ, ಜನರ ಮಾತಿನಲ್ಲಿ ಟ್ರ್ಯಾಪ್. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಶೌಚಯಂತ್ರದಲ್ಲಿ ಈ ಬಾಗು ಇತ್ತು. ಫ್ಲಶ್ ಇರುವ ಪಾಯಖಾನೆಯಲ್ಲಿ ಬಂಧಜಲದ ಆಳ ಸಾಮಾನ್ಯವಾಗಿ 50 ಮಿಲಿಮೀಟರ್. ಚೊಂಬಿನಲ್ಲಿ ನೀರು ಹೊಯ್ಯುವ ಗ್ರಾಮೀಣ ಕುಳಿಯಲ್ಲಿ 20 ಮಿಲಿಮೀಟರ್. ಅದರ ಇಳಿಜಾರು ಕಡಿದಾದ್ದರಿಂದ ಒಂದೂವರೆ-ಎರಡು ಲೀಟರ್ ನೀರೇ ಸಾಕಾಗುತ್ತದೆ.

ಲಕ್ಷಣದ ಒಂದೊಂದು ಪದಕ್ಕೂ ಪ್ರಯೋಜನವಿದೆ. ‘ನೀರು ನಿಲ್ಲುವುದು ನಿರೋಧ’ ಎಂದಷ್ಟೇ ಹೇಳಿದರೆ ಸುಸ್ಥಿತಿಯ ಬಂಧದಲ್ಲಿಯೂ ನೀರು ನಿಂತಿರುವುದರಿಂದ ಅತಿವ್ಯಾಪ್ತಿ. ‘ನೀರು ಕಿಂಚಿತ್ತೂ ಇಳಿಯದಿರುವುದು’ ಎಂದರೆ ಮಂದಗತಿಯ ನಿರೋಧ ಬಿಟ್ಟುಹೋಗಿ ಅವ್ಯಾಪ್ತಿ. ‘ಸಕಾಲದಲ್ಲಿ’ ಎಂಬ ಪದ ಅದನ್ನು ಪರಿಹರಿಸುತ್ತದೆ. ದುರ್ಗಂಧವೂ ಲಕ್ಷಣವಲ್ಲ: ಬಹುದಿನ ಬಳಸದ ಪಾಯಖಾನೆಯಲ್ಲಿ ಬಂಧಜಲ ಆರಿದರೆ ನಿರೋಧವಿಲ್ಲದೆಯೂ ದುರ್ಗಂಧ ಬರುತ್ತದೆ. ಅಲ್ಲಿ ಒಂದು ಚೊಂಬು ನೀರೇ ಚಿಕಿತ್ಸೆ.

ಭೇದಾಧಿಕರಣ

ಸ್ಥಾನದಿಂದ ನಿರೋಧ ತ್ರಿವಿಧ. ಬಾಗಿನಲ್ಲಿರುವುದು ಬಂಧಸ್ಥ. ಬಾಗಿನಿಂದ ಹೊರಗಿನ ಚೇಂಬರಿನವರೆಗಿನ ಕೊಳವೆಯಲ್ಲಿರುವುದು ಶಾಖಾಸ್ಥ. ಚೇಂಬರಿನಿಂದಾಚೆ, ಗುಂಡಿಯಲ್ಲಿ ಅಥವಾ ಸೆಪ್ಟಿಕ್ ಟ್ಯಾಂಕಿನಲ್ಲಿ ಇಲ್ಲವೇ ಅದರ ದಾರಿಯಲ್ಲಿರುವುದು ಕುಂಡಸ್ಥ.

ದ್ರವ್ಯದಿಂದ ಚತುರ್ವಿಧ. ಮಲ, ನೆನೆದ ಕಾಗದ ಮೊದಲಾದ ಕರಗುವ ಸ್ವಭಾವದ್ದು ಶ್ಲಥ. ಬಟ್ಟೆ, ಕೂದಲು, ಮುಟ್ಟಿನ ಪ್ಯಾಡು, ಮಗುವಿನ ಡೈಪರು ತಂತುಮಯ. ಕೊನೆಯೆರಡು ನೀರನ್ನು ಹೀರಿ ಉಬ್ಬುವುದರಿಂದ ಕಾಲ ಕಳೆದಂತೆ ನಿರೋಧ ಬಲಿಯುತ್ತದೆ. ಸೋಪಿನ ಡಬ್ಬಿ, ಹಲ್ಲುಜ್ಜುವ ಬ್ರಷ್ಷು, ಆಟಿಕೆ ಘನ. ಗಡಸುನೀರಿನ ಸುಣ್ಣ ವರ್ಷಗಟ್ಟಲೆ ಪದರಪದರವಾಗಿ ಕೂತು ದಾರಿಯನ್ನು ಕಿರಿದುಮಾಡುವುದು ಶಿಲಾರೂಪ.

ಸ್ಥಾನಭೇದವೊಂದೇ ಸಾಲದೇ, ದ್ರವ್ಯಭೇದ ಗೌರವದೋಷವಲ್ಲವೇ ಎಂದರೆ, ಅಲ್ಲ. ಎಲ್ಲಿಯವರೆಗೆ ಕೈಚಾಚಬಹುದು ಎಂಬುದನ್ನು ಸ್ಥಾನ ನಿರ್ಣಯಿಸುತ್ತದೆ. ಯಾವ ಸಾಧನವನ್ನು ಹಿಡಿಯಬೇಕು ಎಂಬುದನ್ನು ದ್ರವ್ಯ ನಿರ್ಣಯಿಸುತ್ತದೆ. ಎರಡು ಪ್ರಶ್ನೆಗಳಿಗೆ ಒಂದೇ ವಿಭಾಗ ಉತ್ತರವಾಗಲಾರದು.

ಪರೀಕ್ಷಾಧಿಕರಣ

ಸ್ಥಾನನಿರ್ಣಯ ಅನ್ವಯವ್ಯತಿರೇಕಗಳಿಂದ. ಹೊರಗಿನ ಚೇಂಬರಿನ ಮುಚ್ಚಳ ಸರಿಸಿ, ಮುಖವನ್ನು ದೂರವಿಟ್ಟು ನೋಡಬೇಕು. ಕುಳಿ ತುಂಬಿ ಚೇಂಬರು ಬರಿದಾಗಿದ್ದರೆ ನಿರೋಧ ಇವೆರಡರ ನಡುವೆ ಇದೆ. ಚೇಂಬರೂ ತುಂಬಿದ್ದರೆ ಕುಂಡಸ್ಥ. ಚೇಂಬರು ಇಲ್ಲದ ಮನೆಯಲ್ಲಿ ಬೇರೆ ಲಿಂಗವನ್ನು ಹುಡುಕಬೇಕು: ಒಂದೇ ಸಾಲಿಗೆ ಕೂಡಿದ ಎರಡು ಪಾಯಖಾನೆಗಳಲ್ಲಿ ಒಂದು ಮಾತ್ರ ಕಟ್ಟಿದ್ದರೆ ದೋಷ ಅದರದೇ, ಎರಡೂ ಕಟ್ಟಿದ್ದರೆ ದೋಷ ಅವು ಕೂಡಿದ ಜಾಗದಿಂದಾಚೆ. ಬಚ್ಚಲಿನ ನೀರು ಹಲವು ಮನೆಗಳಲ್ಲಿ ಬೇರೆ ದಾರಿಯಲ್ಲಿ ಹೋಗುವುದರಿಂದ, ಸಾಲು ಒಂದೇ ಎಂದು ತಿಳಿಯದೆ ಬಚ್ಚಲನ್ನು ಹೇತುವಾಗಿ ಹಿಡಿದರೆ ಅದು ಹೇತ್ವಾಭಾಸ. ಮಳೆ ಹಿಡಿದಾಗ ಮಾತ್ರ ಕಟ್ಟಿ, ಮಳೆ ಬಿಟ್ಟ ಮೇಲೆ ತಾನಾಗಿ ತೆರೆಯುವ ನಿರೋಧ ಎರೆಮಣ್ಣಿನ ಸೀಮೆಯಲ್ಲಿ ಬಹುಶಃ ಕುಂಡಸ್ಥ: ಸುತ್ತಲಿನ ನೆಲ ತಣಿದು ಗುಂಡಿಯ ನೀರಿಗೆ ಹೋಗಲು ಎಡೆಯಿರುವುದಿಲ್ಲ.

ಉಪಾಯಾಧಿಕರಣ

ಬಂಧಸ್ಥ ಮತ್ತು ಶಾಖಾಸ್ಥ ನಿರೋಧಗಳಿಗೆ ಉಪಾಯ ಐದು: ಉಪರಮ, ಆರ್ದ್ರೀಕರಣ, ಪೀಡನಾಕರ್ಷಣ, ಉದ್ಧರಣ, ಶೋಧನ. ಇವುಗಳ ಕ್ರಮವೂ ವಿಧಿಯೇ.

ನೀರು ಹೊಯ್ಯುವುದನ್ನು ನಿಲ್ಲಿಸುವುದು ಉಪರಮ. ಇಲ್ಲಿ ಪೂರ್ವಪಕ್ಷ: ನೀರಿನ ಭಾರವೇ ತಡೆಯನ್ನು ದೂಡುತ್ತದೆ, ಇನ್ನೆರಡು ಬಕೆಟ್ ಹೊಯ್ದರೆ ಸಾಕು. ಸಿದ್ಧಾಂತ: ದ್ರವದ ಒತ್ತಡ ಎತ್ತರವನ್ನು ಅವಲಂಬಿಸುತ್ತದೆ, ಪರಿಮಾಣವನ್ನಲ್ಲ. ಕುಳಿಯಲ್ಲಿ ನೀರು 10 ಸೆಂಟಿಮೀಟರ್ ಏರಿದರೆ ಚದರ ಸೆಂಟಿಮೀಟರಿಗೆ ಕೂಡುವುದು 10 ಗ್ರಾಂ ಒತ್ತಡ. 10 ಸೆಂಟಿಮೀಟರ್ ವ್ಯಾಸದ ಕೊಳವೆಯ ಇಡೀ ಅಡ್ಡಕೊಯ್ತದ ಮೇಲೆ ಒಂದು ಕಿಲೋಗಿಂತ ಕಡಿಮೆ. ಅದಕ್ಕಿಂತ ಏರಿದರೆ ನೀರು ನೆಲಕ್ಕೆ ಹರಿಯುತ್ತದೆ. ಅದೇ ಕೊಳವೆಯ ಬಾಯನ್ನು ಮುಚ್ಚಿದ ಉಂಡೆಯೊಂದನ್ನು 10 ಕಿಲೋ ಬಲದಿಂದ ಒತ್ತಿದರೆ ಒತ್ತಡ ಹನ್ನೆರಡು ಪಟ್ಟಿಗೂ ಮಿಗಿಲು. ಆದ್ದರಿಂದ ಪೀಡನವೇ ಪ್ರಧಾನ. ಜಲಪೂರಣ ಕೇವಲ ಅಂಗ.

ಆರ್ದ್ರೀಕರಣ ಶ್ಲಥದಲ್ಲಿ ಮಾತ್ರ ಸಫಲ. ಪಾತ್ರೆ ತೊಳೆಯುವ ದ್ರವ ಅರ್ಧ ಲೋಟದಷ್ಟು ಸುರಿದು, ಕುಳಿಯಲ್ಲಿ ಎಡೆಯಿದ್ದಷ್ಟು ಬಿಸಿನೀರು ಹೊಯ್ದು ಅರ್ಧ ಗಂಟೆ ಬಿಡಬೇಕು. ಸಾಬೂನು ಜಾರಿಸುತ್ತದೆ, ಬಿಸಿ ಮೃದುಮಾಡುತ್ತದೆ, ಕಾಲ ನೆನೆಸುತ್ತದೆ. ಸ್ನಾನದ ನೀರಿನಷ್ಟು ಬಿಸಿಯೇ ವಿಹಿತ. ಕುದಿಯುವ ನೀರು ನಿಷಿದ್ಧ. ಪಿಂಗಾಣಿ ಹಠಾತ್ ತಾಪದಿಂದ ಸೀಳಬಹುದು. ಪಿವಿಸಿ ಕೊಳವೆ 60 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ದೃಢತೆ ಕಳೆದುಕೊಳ್ಳುತ್ತದೆ.

ಪೀಡನಾಕರ್ಷಣಕ್ಕೆ ಅಂಗಡಿಯ ರಬ್ಬರ್ ಪಂಪು ಇಲ್ಲದಿದ್ದರೆ ಗೃಹಸಾಧನವೇ ಸಾಕು. ಹಳೆಯ ಬಟ್ಟೆಗಳನ್ನು ಕೋಲಿನ ತುದಿಗೆ ಉಂಡೆಗಟ್ಟಿ, ಮೇಲೆ ದಪ್ಪ ಪ್ಲಾಸ್ಟಿಕ್ ಚೀಲ ಹೊದಿಸಿ, ಜಾರದಂತೆ ಹುರಿಯಿಂದ ಬಿಗಿಯಬೇಕು. ಉಂಡೆ ಕುಳಿಯ ಬಾಯಿಗೆ ಇಕ್ಕಟ್ಟಾಗಿ ಕೂರಬೇಕು. ಅದರ ಸುತ್ತ ನೀರು ನಿಂತಿರಬೇಕು. ನೀರು ಅಮುಕಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಉಂಡೆಯ ಕೆಳಗೆ ಗಾಳಿ ಸಿಕ್ಕಿದರೆ ಕೈಯ ಬಲ ತಡೆಯನ್ನು ಮುಟ್ಟದೆ ಅಲ್ಲಿಯೇ ವ್ಯಯವಾಗುತ್ತದೆ. ಮೊದಲ ಒತ್ತು ಮೆಲ್ಲಗೆ. ಅನಂತರ ಹದಿನೈದು-ಇಪ್ಪತ್ತು ಸಲ ಲಯಬದ್ಧವಾಗಿ ಒತ್ತಿ ಎಳೆಯಬೇಕು. ಒತ್ತುವುದೇ ಕಾರ್ಯಕಾರಿ, ಎಳೆಯುವುದು ಆನುಷಂಗಿಕ ಎಂಬುದು ಭ್ರಾಂತಿ. ಒಂದೇ ದಿಕ್ಕಿನ ಬಲ ತಡೆಯನ್ನು ಇನ್ನಷ್ಟು ಬಿಗಿಯುವುದೂ ಉಂಟು. ಎರಡು ದಿಕ್ಕಿನ ಚಲನೆ ಅದನ್ನು ಸಡಿಲಿಸುತ್ತದೆ.

ಉದ್ಧರಣ ತಂತು ಮತ್ತು ಘನಗಳ ವಿಷಯ. ಇವನ್ನು ದೂಡುವುದು ಸಮೀಪದ ದೋಷವನ್ನು ದೂರಕ್ಕೆ ಒಯ್ಯುವುದೇ ಹೊರತು ನಿವೃತ್ತಿಯಲ್ಲ. ಬಂಧಸ್ಥ ಶಾಖಾಸ್ಥವಾಗುತ್ತದೆ, ಅಷ್ಟೇ. ಬಟ್ಟೆ ತೂಗುಹಾಕುವ ತಂತಿಯನ್ನು ನೇರಮಾಡಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಪಿಂಗಾಣಿಗೆ ಗೀರು ಬೀಳದಂತೆ ಚಿಂದಿ ಸುತ್ತಿ ಬಾಗಿನೊಳಗೆ ಬಿಡಬೇಕು. ಸಿಕ್ಕಿದ್ದನ್ನು ಈಚೆಗೆ ಎಳೆಯಬೇಕು. ಬಾಗಿನಿಂದಾಚೆಗೆ ಬಳುಕುವ ಬಿದಿರು ಸೀಳು ಉಪಯುಕ್ತ. ಅದನ್ನು ಚೇಂಬರಿನ ಕಡೆಯಿಂದ ತೂರಿಸುವುದೇ ಸಾಧು, ಏಕೆಂದರೆ ಆ ಕಡೆಯಿಂದ ದಾರಿ ನೇರವಾಗಿರುತ್ತದೆ. ಕಬ್ಬಿಣದ ಸರಳು ನಿಷಿದ್ಧ: ಅದು ಬಾಗನ್ನು ದಾಟಲಾರದು, ಒಡೆಯಬಲ್ಲದು.

ಒಂದು ಬಕೆಟ್ ನೀರನ್ನು ಒಮ್ಮೆಗೇ ಸುರಿದು, ಮಟ್ಟ ಸಕಾಲದಲ್ಲಿ ನಿಯತಸ್ಥಾನಕ್ಕೆ ಮರಳುವುದನ್ನು ಕಾಣುವುದು ಶೋಧನ. ಕೈಗವಸು ಅಥವಾ ದಪ್ಪ ಪ್ಲಾಸ್ಟಿಕ್ ಹೊದಿಕೆ, ಕರ್ಮದ ಕೊನೆಯಲ್ಲಿ ಸಾಬೂನಿನಿಂದ ಹಸ್ತಪ್ರಕ್ಷಾಲನ, ಸಾಧನಗಳನ್ನು ತೊಳೆದು ಬಿಸಿಲಿಗೆ ಒಣಹಾಕಿ ಬೇರೆಯೇ ಇಡುವುದು ಐದಕ್ಕೂ ಸಮಾನವಾದ ಅಂಗ.

ನಿಷೇಧಾಧಿಕರಣ

ಅಡುಗೆ ಸೋಡಾ ಮತ್ತು ವಿನೆಗರ್ ಕೂಡಿದರೆ ಉಕ್ಕುವುದು ಪ್ರತ್ಯಕ್ಷ. ಆ ಉಕ್ಕು ತಡೆಯನ್ನು ಭೇದಿಸುತ್ತದೆಂಬುದು ಪೂರ್ವಪಕ್ಷ. ಹಾಗಲ್ಲ. 84 ಗ್ರಾಂ ಸೋಡಾದಿಂದ ಸುಮಾರು 24 ಲೀಟರ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆಂಬುದು ನಿಜ, ಅದಕ್ಕೆ ಶೇಕಡ 5ರ ವಿನೆಗರ್ ಒಂದು ಲೀಟರಿಗೂ ಹೆಚ್ಚು ಬೇಕು. ಆದರೆ ಕುಳಿ ಮೇಲೆ ತೆರೆದಿದೆ. ಅನಿಲ ಪ್ರತಿರೋಧವಿಲ್ಲದ ದಿಕ್ಕಿಗೆ ಹೋಗುತ್ತದೆ, ತಡೆಯ ಮೇಲೆ ಒತ್ತಡ ಬೀಳುವುದಿಲ್ಲ. ಕ್ಷಾರವೂ ಆಮ್ಲವೂ ಪರಸ್ಪರ ನಾಶವಾಗಿ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು. ತರುವಾಯ ನಿರೋಧ ತೆರೆದರೆ ಅದರ ಶ್ರೇಯ ಜೊತೆಗೆ ಹೊಯ್ದ ಬಿಸಿನೀರಿಗೂ ಕಾದ ಹೊತ್ತಿಗೂ ಸಲ್ಲಬೇಕು. ಈ ಮಿಶ್ರಣ ನಿಷಿದ್ಧವಲ್ಲ, ನಿಷ್ಫಲ.

ಆಮ್ಲವಾದರೋ ನಿಷಿದ್ಧವೇ. ಪೂರ್ವಪಕ್ಷ: ಕಿರಾಣಿ ಅಂಗಡಿಯಲ್ಲಿ ಆ್ಯಸಿಡ್ ಸಿಗುತ್ತದೆ; ಕಲ್ಲನ್ನೇ ಕರಗಿಸುವ ಪದಾರ್ಥ ಕಸವನ್ನು ಕರಗಿಸದೇ? ಸಿದ್ಧಾಂತ: ಈ ಹೇತು ವ್ಯಭಿಚಾರಿ. ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಪ್ಲಾಸ್ಟಿಕ್ಕನ್ನು ಕರಗಿಸುವುದಿಲ್ಲ, ಬಟ್ಟೆಯನ್ನು ಬೇಗ ಕರಗಿಸುವುದಿಲ್ಲ. ಆದ್ದರಿಂದ ಶಿಲಾರೂಪದಲ್ಲಿ ಮಾತ್ರ ಅದಕ್ಕೆ ಸಾಮರ್ಥ್ಯ, ಅದೂ ನೀರು ಇಳಿಯುತ್ತಿರುವಾಗ, ಅಲ್ಪಪ್ರಮಾಣದಲ್ಲಿ, ಕಿಟಕಿ ಬಾಗಿಲು ತೆರೆದಿಟ್ಟು. ಪೂರ್ಣ ಕಟ್ಟಿದ ಕುಳಿಯಲ್ಲಿ ಆಮ್ಲ ಹಾಗೆಯೇ ನಿಲ್ಲುತ್ತದೆ. ಅನಂತರ ಪಂಪು ಒತ್ತುವವರ ಕಣ್ಣಿಗೆ ಅದು ಸಿಡಿಯುತ್ತದೆ. ಉಕ್ಕಿ ಹರಿದರೆ ಕುಳಿಯ ಸುತ್ತಲಿನ ತಾಂಡೂರು ಕಲ್ಲು ಸ್ವಯಂ ಸುಣ್ಣಕಲ್ಲಾದ್ದರಿಂದ ನೊರೆಯೆದ್ದು ಹೊಳಪು ಕಳೆದು ಒರಟಾಗುತ್ತದೆ. ಇಲ್ಲಿ ಔಷಧ ರೋಗವನ್ನು ಬಿಟ್ಟು ಮನೆಯನ್ನು ತಿನ್ನುತ್ತದೆ. ಬ್ಲೀಚಿಂಗ್ ಪೌಡರಿನೊಡನೆ ಆಮ್ಲ ಕೂಡಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಪಾಯಖಾನೆಯಲ್ಲಿ ಅದು ಪ್ರಾಣಾಪಾಯ. ಈ ಕೂಡಿಕೆಯ ನಿಷೇಧಕ್ಕೆ ಅಪವಾದವಿಲ್ಲ.

ಅಧಿಕಾರಾಧಿಕರಣ

ಈಗ ಪ್ರಬಲತಮ ಪೂರ್ವಪಕ್ಷ: ಈ ಕೆಲಸಕ್ಕೆ ಬೇರೆ ಜನರಿದ್ದಾರೆ, ಹಣ ಕೊಟ್ಟು ಕರೆಸಿದರೆ ಅವರಿಗೂ ಜೀವನ, ಮನೆಗೂ ಮರ್ಯಾದೆ. ಅಲ್ಲದೆ ಈ ಸೀಮೆಗೆ ದೂರವಲ್ಲದ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಎಲ್ಲ ಕಾಯಕವೂ ಸಮವೆಂದರು. ಅವರ ಕಾಯಕ ಅವರಿಗೆ.

ಇದರಲ್ಲಿ ಎರಡು ದೋಷ. ಕೊಳವೆ ಕೆಲಸ ಬಲ್ಲವರನ್ನು ಕೂಲಿ ಕೊಟ್ಟು ಕರೆಸುವುದು ದೋಷವಲ್ಲ. ‘ಬೇರೆ ಜನ’ ಎಂಬ ಮಾತಿನೊಳಗೆ ಅಡಗಿದ ಜನ್ಮನಿಯಮ ದೋಷ. ಸ್ವಂತ ಮನೆಯ ಮಲ ಮುಟ್ಟಲು ಹೇಸಿಗೆಯಾದರೆ ಪರರಿಗೆ ಅದು ಹೇಸಿಗೆಯಲ್ಲವೆನ್ನಲು ಪ್ರಮಾಣವಿಲ್ಲ. ಎರಡನೆಯದಾಗಿ, ಕಾಯಕ ಸ್ವೀಕೃತವಾದದ್ದು. ಹುಟ್ಟಿನಿಂದ ಹೇರಿದ್ದನ್ನೂ ಬಿಟ್ಟುಹೋಗಲು ಬಿಡದ್ದನ್ನೂ ಕಾಯಕವೆಂದರೆ ಆ ಪದಕ್ಕೆ ಅತಿವ್ಯಾಪ್ತಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಂಗಡಿಗರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಈ ಹೇರಿಕೆಯ ವಿರುದ್ಧವೇ. ಆದ್ದರಿಂದ ಬಂಧಸ್ಥ, ಶಾಖಾಸ್ಥಗಳಲ್ಲಿ ಪ್ರಥಮಾಧಿಕಾರ ಬಳಸುವವರದೇ.

ಮರ್ಯಾದಾಧಿಕರಣ

ಹಾಗಾದರೆ ಸ್ವಹಸ್ತನ್ಯಾಯದಿಂದಲೇ ಗುಂಡಿಗೂ ಸ್ವತಃ ಇಳಿಯಬಹುದಲ್ಲ ಎಂಬ ಅತಿಪ್ರಸಂಗ ಬರುತ್ತದೆಂದರೆ, ಬರುವುದಿಲ್ಲ. ಬಂಧದಲ್ಲಿ ಅಪಾಯ ಅಶುಚಿತ್ವದ್ದು, ಸಾಬೂನಿನಿಂದ ಪರಿಹಾರ್ಯ. ಗುಂಡಿಯಲ್ಲಿ ಅಪಾಯ ಪ್ರಾಣದ್ದು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅಧಿಕವಾದಾಗ ಮೊದಲು ಘ್ರಾಣೇಂದ್ರಿಯವನ್ನೇ ಕುಂದಿಸುತ್ತದೆ. ಆದ್ದರಿಂದ ‘ವಾಸನೆಯಿಲ್ಲ, ಇಳಿಯಬಹುದು’ ಎಂಬ ಅನುಮಾನ ಮಾರಕ. ಬಿದ್ದವರನ್ನು ಎತ್ತಲು ಇಳಿದವರೂ ಬೀಳುವುದು ಇದರಿಂದಲೇ.

ನ್ಯಾಯಶಾಸನವೂ ಇದಕ್ಕೆ ಅನುಕೂಲ. ಕೈಯಿಂದ ಮಲ ಬಳಿಸುವುದನ್ನು ತಡೆಯುವ 2013ರ ಕಾಯ್ದೆ, ಅದೇ ವರ್ಷದ ಡಿಸೆಂಬರ್ 6ರಿಂದ ಜಾರಿಯಲ್ಲಿದ್ದು, ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ರಕ್ಷಣಾಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿದ್ದು ಸಾವು ನಿಲ್ಲದ್ದಕ್ಕೆ ಲಿಂಗ.

ಕುಂಡಸ್ಥದಲ್ಲಿ ಮನೆಯವರ ಕರ್ತವ್ಯ ಎರಡೇ. ಜೋಡಿಗುಂಡಿಯಿದ್ದರೆ ನೆಲದ ಮೇಲೆ ನಿಂತೇ ಕವಲು ಚೇಂಬರಿನ ದಾರಿಯನ್ನು ಎರಡನೆಯ ಗುಂಡಿಗೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಚ್ಚಿಡುವುದು. ಅಷ್ಟರಲ್ಲಿ ಮಲ ಗೊಬ್ಬರವಾಗುತ್ತದೆ. ಸೆಪ್ಟಿಕ್ ಟ್ಯಾಂಕಾದರೆ ಹೀರುವ ಯಂತ್ರದ ಗಾಡಿಯನ್ನು ಕರೆಸಿ, ಯಾರೂ ಒಳಗಿಳಿಯದಂತೆ ಕೆಲಸ ಮುಗಿಯುವವರೆಗೆ ಎದುರು ನಿಲ್ಲುವುದು. ಗಾಡಿ ಬರುವುದು ತಡವಾದರೆ ಏನೆಂಬ ಕೊನೆಯ ಆಕ್ಷೇಪಕ್ಕೆ ಉತ್ತರ: ನೆರೆಮನೆಯ ಪಾಯಖಾನೆಯನ್ನು ಕೇಳಿ ಬಳಸುವ ಸಂಕೋಚ ಒಂದು ದಿನದ್ದು, ಗುಂಡಿಯಲ್ಲಿ ಬಿದ್ದವರ ಮನೆಯ ನಷ್ಟಕ್ಕೆ ಅವಧಿಯಿಲ್ಲ. ಆದ್ದರಿಂದ ಚೇಂಬರಿನವರೆಗೆ ಸ್ವಹಸ್ತ, ಅದರಾಚೆಗೆ ಯಂತ್ರ, ಗುಂಡಿಯೊಳಗೆ ಯಾರ ದೇಹವೂ ಇಲ್ಲ ಎಂಬುದು ಸಿದ್ಧಾಂತ.