ಎಂಟನೆಯ ತರಗತಿಯ ಹೊಸ್ತಿಲಲ್ಲಿ

ಏಳನೆಯ ತರಗತಿ ಮುಗಿಸಿದ ಮಗುವನ್ನು ಯಾವ ಹೈಸ್ಕೂಲಿಗೆ ಸೇರಿಸಬೇಕೆಂಬ ಪ್ರಶ್ನೆ ಪ್ರತಿವರ್ಷ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಮನೆಮನೆಯಲ್ಲೂ ಏಳುತ್ತದೆ. ಶುಲ್ಕವೆಷ್ಟು, ಬಸ್ಸು ಮನೆಯ ಬಳಿಯವರೆಗೆ ಬರುತ್ತದೆಯೇ, ಹತ್ತನೆಯ ತರಗತಿಯ ಫಲಿತಾಂಶ ಹೇಗಿದೆ ಎಂದು ವಿಚಾರಿಸಿ ನಾವು ತೀರ್ಮಾನಿಸುತ್ತೇವೆ. ಮೇಲ್ನೋಟಕ್ಕೆ ಇದು ಕೇವಲ ಮನೆವಾರ್ತೆ. ಆದರೆ ಗಡಿನಾಡಿನಲ್ಲಿ ಇದರೊಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ: ನಮ್ಮ ಮಗುವಿನ ಹಿತವನ್ನು ನೋಡುವಾಗ ನೆರೆಮನೆಯ ಮಗುವಿನ ಹಿತವನ್ನೂ ನೋಡುವ ಹೊಣೆ ನಮಗಿದೆಯೇ? ಇದ್ದರೆ ಎಷ್ಟು?

ಖಾಸಗಿ ಶಾಲೆ ಎಂಬ ಒಂದೇ ಮಾತು ನಮ್ಮಲ್ಲಿ ಎರಡು ಬೇರೆ ವಸ್ತುಗಳನ್ನು ಸೂಚಿಸುತ್ತದೆ. ಒಂದು ಅನುದಾನಿತ ಶಾಲೆ. ಅದರ ಕಟ್ಟಡ, ಆಡಳಿತ, ಅಧ್ಯಾಪಕರ ನೇಮಕ ಎಲ್ಲವೂ ಖಾಸಗಿ ವ್ಯವಸ್ಥಾಪಕರದು; ಸಂಬಳ ಮಾತ್ರ ಸರಕಾರದ್ದು. ನಮ್ಮ ಹಿರಿಯರು ಊರೂರಿನಲ್ಲಿ ಕಟ್ಟಿ ಬೆಳೆಸಿದ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಅನೇಕವು ಈ ಬಗೆಯವು. ಇನ್ನೊಂದು ಅನುದಾನರಹಿತ ಆಂಗ್ಲಮಾಧ್ಯಮ ಶಾಲೆ. ಅಲ್ಲಿ ಸಂಬಳವೂ ಬಸ್ಸೂ ಸಮವಸ್ತ್ರವೂ ಹೆತ್ತವರ ಕಿಸೆಯಿಂದಲೇ ನಡೆಯಬೇಕು. ಇಂದು ನಮ್ಮ ಮುಂದಿರುವ ಆಯ್ಕೆ ಹೆಚ್ಚಾಗಿ ಈ ಎರಡರ ನಡುವಿನದು.

ಎರಡಕ್ಕೂ ಒಂದು ವ್ಯತ್ಯಾಸವಿದೆ. ಅನುದಾನರಹಿತ ಶಾಲೆಯಿಂದ ನಾಲ್ಕು ಮಕ್ಕಳು ಬಿಟ್ಟುಹೋದರೆ ಅದರ ವರಮಾನ ಸ್ವಲ್ಪ ಕುಗ್ಗೀತು. ಅನುದಾನಿತ ಶಾಲೆಯಲ್ಲಿ ಹಾಗಲ್ಲ. ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸಿ, ಆ ಲೆಕ್ಕದ ಮೇಲೆ ಆ ವರ್ಷದ ಡಿವಿಜನುಗಳನ್ನೂ ಅಧ್ಯಾಪಕರ ಹುದ್ದೆಗಳನ್ನೂ ನಿಗದಿಪಡಿಸುವುದು ಕೇರಳದ ಪದ್ಧತಿ. ಅಗತ್ಯ ಸಂಖ್ಯೆಗೆ ಒಂದೆರಡು ಮಕ್ಕಳು ಕಡಿಮೆಯಾದರೆ ಒಂದು ಡಿವಿಜನು ಹೋಗುತ್ತದೆ. ಅದರೊಡನೆ ಒಬ್ಬ ಅಧ್ಯಾಪಕರೂ ಹೋಗಬಹುದು. ಆಮೇಲೆ ಉಳಿದ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಬೇಕಾಗುತ್ತದೆ. ಮರುವರ್ಷ ಅದನ್ನು ನೋಡಿದ ಇನ್ನೂ ಕೆಲವರು ಬೇರೆ ಶಾಲೆಯನ್ನು ಹುಡುಕುತ್ತಾರೆ. ಹೀಗೆ, ಯಾರಿಗೂ ಕೇಡು ಬಯಸದ ಹತ್ತಾರು ಮನೆಗಳ ಖಾಸಗಿ ತೀರ್ಮಾನಗಳು ಸೇರಿ, ಶುಲ್ಕ ಕೊಡಲಾಗದ ಕೂಲಿಕಾರನ ಮಗಳಿಗೆ ಇದ್ದ ಒಂದೇ ಶಾಲೆಯನ್ನು ಬಡವಾಗಿಸುತ್ತವೆ. ಅವಳ ತಂದೆ ಯಾವ ಆಯ್ಕೆಯನ್ನೂ ಮಾಡಿಲ್ಲ. ಅವನ ಪಾಲಿನದನ್ನೂ ನಾವೇ ಆರಿಸಿರುತ್ತೇವೆ.

ಕರ್ನಾಟಕದೊಳಗಿನ ಬಂಧುಗಳು ಈ ಮಾತನ್ನು ಕೇಳಿ, ನಮ್ಮಲ್ಲೂ ಹೀಗೆಯೇ ಎನ್ನುತ್ತಾರೆ. ಪೂರ್ತಿ ಹೀಗೆಯೇ ಅಲ್ಲ. ಮೈಸೂರಿನ ಮಗು ಇಂಗ್ಲಿಷ್ ಶಾಲೆಗೆ ಹೋದರೂ ಬೀದಿ, ಅಂಗಡಿ, ಬಸ್ಸಿನ ಫಲಕ, ಕಚೇರಿಯ ಅರ್ಜಿ ಅದಕ್ಕೆ ಕನ್ನಡವನ್ನು ತೋರಿಸುತ್ತಲೇ ಇರುತ್ತವೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ನಮ್ಮ ನೆಲದಲ್ಲಿ ಕಚೇರಿಯ ಭಾಷೆ ಮಲಯಾಳ. ಮನೆಯ ಭಾಷೆಯಾದರೋ ಬಹುಮಂದಿಗೆ ತುಳು. ಕೆಲವರಿಗೆ ಕೊಂಕಣಿ, ಮರಾಠಿ, ಬ್ಯಾರಿ. ಹವ್ಯಕರ ಮನೆಗಳಲ್ಲಿ ಪುಸ್ತಕದ ಕನ್ನಡಕ್ಕಿಂತ ದೂರವಾದ ಹವಿಗನ್ನಡ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇಬ್ಬರೂ ಕನ್ನಡದ ಕವಿಗಳಾದರು. ಕಯ್ಯಾರರು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರೂ ಆಗಿದ್ದರು. ಅಂದರೆ ನಮ್ಮಲ್ಲಿ ಕನ್ನಡ ತೊಟ್ಟಿಲಿನಲ್ಲಿ ಸಿಕ್ಕುವುದಕ್ಕಿಂತ ಹೆಚ್ಚಾಗಿ ಶಾಲೆಯ ಬೆಂಚಿನ ಮೇಲೆ ಸಿಕ್ಕುವ ಭಾಷೆ. ಯಕ್ಷಗಾನದ ಬಯಲಿನಲ್ಲಿ, ಪತ್ರಿಕೆಯಲ್ಲಿ, ಮದುವೆಯ ಕರೆಯೋಲೆಯಲ್ಲಿ ಬಲಗೊಳ್ಳುವ ಭಾಷೆ. ತಾಯ್ನುಡಿ ಎಂಬ ಮಾತನ್ನು ವೇದಿಕೆಯಲ್ಲಿ ನಾವು ಸಲೀಸಾಗಿ ಬಳಸುತ್ತೇವೆ. ನಿಜ ಹೇಳಬೇಕೆಂದರೆ ಕಾಸರಗೋಡಿನ ಕನ್ನಡ ಅರ್ಧಕ್ಕರ್ಧ ಶಾಲೆನುಡಿ. ಶಾಲೆ ಹೋದರೆ ಅದನ್ನು ಹೊರಲು ಇಲ್ಲಿ ಬೇರೆ ಹೆಗಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ, ಕನ್ನಡ ಶಾಲೆಗೆ ಕಳುಹಿಸದವರು ದ್ರೋಹಿಗಳೆಂಬ ತೀರ್ಪಿಗೆ ನಾವು ಬರಲಾರೆವು. ಅಂಥ ಭಾಷಣಗಳನ್ನು ಸಾಕಷ್ಟು ಕೇಳಿದ್ದೇವೆ. ಕೇಳಿ ಮನೆಗೆ ಹೋದವರು ಮರುದಿನ ಮಗುವನ್ನು ಹಳದಿ ಬಸ್ಸಿಗೆ ಹತ್ತಿಸುವುದನ್ನೂ ಕಂಡಿದ್ದೇವೆ. ಎದುರು ಪಕ್ಷದ ವಾದ ದುರ್ಬಲವಲ್ಲ. ಹದಿಮೂರು ವರ್ಷದ ಮಗು ಭಾಷೆಯನ್ನು ಉಳಿಸುವುದಕ್ಕಾಗಿ ಹುಟ್ಟಿದ್ದಲ್ಲ. ಹಿರಿಯರು ರಾಜಕೀಯದಲ್ಲಿ ಸಾಧಿಸಲಾರದೆ ಹೋದುದನ್ನು ಅದರ ಪಾಟಿಚೀಲದ ಮೇಲೆ ಹೇರುವುದು ನ್ಯಾಯವಲ್ಲ. ಮಗುವನ್ನು ಇನ್ನೊಂದು ಉದ್ದೇಶಕ್ಕೆ ಸಾಧನವಾಗಿ ಬಳಸಿದರೆ, ಆ ಉದ್ದೇಶ ಎಷ್ಟೇ ದೊಡ್ಡದಿರಲಿ, ಮಗುವಿಗೆ ಅನ್ಯಾಯವಾಗುತ್ತದೆ. ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನದು, ಅದರ ಪರವಾಗಿ ಹೆತ್ತವರದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪ್ರಕರಣದಲ್ಲೇ ತೀರ್ಪಿತ್ತಿದೆ. ಆದರೆ ಆ ತೀರ್ಪು ಸರಕಾರ ಏನನ್ನು ಹೇರಬಾರದು ಎಂದು ಹೇಳುತ್ತದೆಯೇ ಹೊರತು ನಾವು ಏನನ್ನು ಆರಿಸಬೇಕು ಎಂದಲ್ಲ. ಹಕ್ಕು ನಮ್ಮ ಕೈಗೆ ಬಂದ ಮೇಲೆಯೇ ವಿವೇಕದ ಕೆಲಸ ಆರಂಭವಾಗುತ್ತದೆ.

ಹಾಗಾದರೆ ಎರಡು ಹಿತಗಳನ್ನು ತೂಗುವುದು ಹೇಗೆ? ನಮಗೆ ತೋರುವ ಕ್ರಮ ಇದು. ಕನ್ನಡ ಶಾಲೆಯಲ್ಲಿ ಕಲಿತರೆ ನಮ್ಮ ಮಗುವಿಗೆ ನಿಜವಾಗಿ ಕೇಡಾಗುತ್ತದೆಯೆಂದಾದರೆ, ಪರರ ಹಿತಕ್ಕಾಗಿ ಅದನ್ನು ಅಲ್ಲಿಗೆ ಕಳುಹಿಸುವ ಹೊಣೆ ನಮಗಿಲ್ಲ. ಕೇಡಾಗುವುದಿಲ್ಲ, ಕೇವಲ ಅಂತಸ್ತು ಸ್ವಲ್ಪ ಕಡಿಮೆಯಾಗಿ ಕಾಣುತ್ತದೆ ಎಂದಾದರೆ, ನೆರೆಯ ಮಗುವಿನ ಹಿತಕ್ಕೆ ತೂಕ ಬರಲೇಬೇಕು. ಆದ್ದರಿಂದ ಮೊದಲು ತಿಳಿಯಬೇಕಾದದ್ದು ನಿಜಸ್ಥಿತಿ. ಇಲ್ಲಿಯೇ ನಮ್ಮಲ್ಲಿ ಹೆಚ್ಚಿನವರು ವಿಚಾರಣೆಯನ್ನು ನಿಲ್ಲಿಸಿಬಿಡುವುದು. ಸೀರೆಯನ್ನೋ ಕಂಬಳದ ಕೋಣವನ್ನೋ ಆರಿಸುವಾಗ ಇರುವ ತಾಳ್ಮೆ ಶಾಲೆಯ ವಿಷಯದಲ್ಲಿ ಇರುವುದಿಲ್ಲ.

ಹತ್ತನೆಯ ತರಗತಿಯ ಶೇಕಡಾವಾರು ಫಲಿತಾಂಶ ಹೆಚ್ಚೇನನ್ನೂ ಹೇಳದು. ಕೇರಳದಲ್ಲಿ ಎಸ್‌ಎಸ್‌ಎಲ್‌ಸಿ ತೇರ್ಗಡೆ ಎಲ್ಲ ಕಡೆಯೂ ನೂರರ ಹತ್ತಿರವೇ ಇದೆ. ಅದರ ಬದಲು ಶಾಲೆಗೆ ಹೋಗಿ, ಎಂಟನೆಯ ತರಗತಿಗೆ ಗಣಿತ ಕಲಿಸುವವರು ಯಾರು, ಎಷ್ಟು ವರ್ಷಗಳಿಂದ ಇದ್ದಾರೆ ಎಂದು ಕೇಳಬೇಕು. ಶುಲ್ಕದ ಶಾಲೆಗಳಲ್ಲಿ ಸಂಬಳ ಕಡಿಮೆಯಾದ ಕಡೆ ವರ್ಷದ ನಡುವೆಯೇ ಅಧ್ಯಾಪಕರು ಬದಲಾಗುವುದುಂಟು. ಕನ್ನಡ ಶಾಲೆಯಾದರೆ, ಪಾಠ ಮಾಡುವವರಿಗೆ ಕನ್ನಡ ಬರುತ್ತದೆಯೇ ಎಂದೂ ಕೇಳಬೇಕು. ಕನ್ನಡ ಅರಿಯದವರನ್ನು ಕನ್ನಡ ತರಗತಿಗಳಿಗೆ ನೇಮಿಸಿದ್ದನ್ನು ವಿರೋಧಿಸಿ ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಹೋರಾಟ ನಡೆದಿದೆ. ಪ್ರಯೋಗಾಲಯದ ಬೀಗ ವಾರಕ್ಕೆ ಎಷ್ಟು ಸಲ ತೆರೆಯುತ್ತದೆ, ಮಕ್ಕಳು ಎದ್ದುನಿಂತು ಪ್ರಶ್ನೆ ಕೇಳುತ್ತಾರೆಯೇ, ಕೇಳಿದರೆ ಯಾವ ಭಾಷೆಯಲ್ಲಿ? ಅರ್ಥವಾಗದ ಭಾಷೆಯ ತರಗತಿಯಲ್ಲಿ ಮಗು ಮೊದಲು ಕಳೆದುಕೊಳ್ಳುವುದು ಪ್ರಶ್ನೆ ಕೇಳುವ ಧೈರ್ಯವನ್ನು. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಮು ಇಲ್ಲ.

ಕನ್ನಡದ ಹೆಸರು ಕಳಪೆ ಪಾಠಕ್ಕೆ ಗುರಾಣಿಯಾಗಕೂಡದು. ಅನುದಾನಿತ ಶಾಲೆಗಳ ನೇಮಕದಲ್ಲಿ ಹಣದ ಮಾತು ನಡೆಯುತ್ತದೆಂಬುದು ಈ ರಾಜ್ಯದಲ್ಲಿ ಬಹುಕಾಲದ ದೂರು. ಭಾಷಾಭಿಮಾನದ ಸಭೆಗಳಲ್ಲಿ ವ್ಯವಸ್ಥಾಪಕರಿಗೆ ಶಾಲು ಹೊದಿಸುವ ನಾವು ಈ ದೂರಿನ ಬಗ್ಗೆ ಅವರನ್ನು ಕೇಳುವುದಿಲ್ಲ. ಕೇಳದೆ ಇದ್ದರೆ, ಮಗುವನ್ನು ಕಳುಹಿಸಿ ಎಂದು ಹೆತ್ತವರಿಗೆ ಹೇಳುವ ಅಧಿಕಾರ ಸಂಘಕ್ಕೆ ಬರುವುದು ಹೇಗೆ?

ಇನ್ನು ಹನ್ನೊಂದನೆಯ ತರಗತಿಯ ಭಯ. ಹತ್ತರವರೆಗೆ ಕನ್ನಡದಲ್ಲಿ ಕಲಿತ ಮಗು ಹೈಯರ್ ಸೆಕೆಂಡರಿಯಲ್ಲಿ ಏಕಾಏಕಿ ಇಂಗ್ಲಿಷಿನ ಭೌತಶಾಸ್ತ್ರವನ್ನು ಎದುರಿಸಬೇಕು. ಈ ಕಷ್ಟ ಕಲ್ಪಿತವಲ್ಲ. ಮೊದಲ ಆರು ತಿಂಗಳು ಜಾಣ ಮಕ್ಕಳೂ ಕಂಗೆಡುತ್ತಾರೆ. ಆದರೆ ಅಲ್ಲಿ ಕೊರತೆಯಿರುವುದು ಪದಗಳಿಗೆ, ತಿಳಿವಿಗಲ್ಲ. ವೇಗೋತ್ಕರ್ಷವೆಂದರೇನೆಂದು ಅರಿತವನಿಗೆ ಅದರ ಇಂಗ್ಲಿಷ್ ಹೆಸರನ್ನು ಕಲಿಸಲು ಒಂದು ಬೇಸಿಗೆ ರಜೆ ಸಾಕು. ಹೆಸರನ್ನು ಮಾತ್ರ ಉರುಹೊಡೆದವನಿಗೆ ವಿಷಯ ಕಲಿಸಲು ಎಷ್ಟು ರಜೆ ಬೇಕೋ! ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದು ತರಗತಿಗಳು ತೆರೆಯುವವರೆಗಿನ ಆ ಬಿಡುವಿನಲ್ಲಿ ಅಂಥದೊಂದು ತರಗತಿಯನ್ನು ನಡೆಸುವುದು ಸನ್ಮಾನ ಸಮಾರಂಭಕ್ಕಿಂತ ಅಗ್ಗ. ನಮ್ಮ ಸದಸ್ಯರಲ್ಲಿ ನಿವೃತ್ತ ಅಧ್ಯಾಪಕರಿಗೇನು ಕಡಿಮೆಯೇ?

ಎಲ್ಲವನ್ನೂ ಪರಿಶೀಲಿಸಿಯೂ ಆಂಗ್ಲಮಾಧ್ಯಮವನ್ನು ಆರಿಸುವವರ ಪಾಲಿಗೂ ಕೆಲಸ ಉಳಿದಿದೆ. 2017ರ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿತು. ಸಿಬಿಎಸ್‌ಇ ಶಾಲೆಗಳನ್ನೂ ಬಿಡಲಿಲ್ಲ. ಮಲಯಾಳ ಬರುವುದು ಇಲ್ಲಿ ಬದುಕುವ ಮಗುವಿಗೆ ಒಳ್ಳೆಯದೇ. ವಿಲೇಜ್ ಆಫೀಸಿನಲ್ಲಿ ಇನ್ನೊಬ್ಬರನ್ನು ಕರೆದುಕೊಂಡು ನಿಲ್ಲುವ ಪಾಡು ಅದಕ್ಕೆ ಬೇಡ. ಆದರೆ ಇಂಗ್ಲಿಷ್, ಹಿಂದಿ, ಮಲಯಾಳ ಸೇರಿದ ಮೇಲೆ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿರುವುದಿಲ್ಲ. ಅದನ್ನು ಕೇಳಿ ಪಡೆಯಬೇಕು, ಅದೂ ಶುಲ್ಕ ಕಟ್ಟುವ ಮೊದಲು. ಹತ್ತು ಮನೆಗಳು ಒಟ್ಟಾಗಿ ಕೇಳಿದರೆ ಶುಲ್ಕವನ್ನೇ ನಂಬಿದ ಆಡಳಿತ ಕಿವಿಗೊಡದೆ ಇರಲಾರದು.

ಇನ್ನೊಂದು ಮಾತನ್ನು ಆಡದೆ ಇರಲಾಗದು. ಕೆಲವು ಮನೆಗಳಲ್ಲಿ ಮಗ ಶುಲ್ಕದ ಶಾಲೆಗೆ ಹೋಗುತ್ತಾನೆ, ಮಗಳು ನಡೆದುಕೊಂಡು ಕನ್ನಡ ಶಾಲೆಗೆ. ಅವಳಿಗೆ ಕನ್ನಡದ ಮೇಲೆ ಪ್ರೀತಿ ಎಂದು ಕಾರಣ ಹೇಳುತ್ತಾರೆ. ಅಲ್ಲಿ ಕನ್ನಡವನ್ನೂ ಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎರಡೂ ಅಗ್ಗವೆಂದು ನಿರ್ಧರಿಸಿರುತ್ತಾರೆ. ಕನ್ನಡ ಶಾಲೆ ಮಗಳಿಗೆ ಸಾಕಾದರೆ ಮಗನಿಗೂ ಸಾಕು. ಮಗನಿಗೆ ಸಾಲದಾದರೆ ಅವಳಿಗೂ ಸಾಲದು.

ಕೊನೆಗೆ ಬಸ್ಸಿನ ವಿಷಯ. ಎಷ್ಟೋ ಮನೆಗಳಲ್ಲಿ ಶಾಲೆಯನ್ನು ಆರಿಸುವುದು ತಂದೆತಾಯಿಯಲ್ಲ, ಬಸ್ಸು. ಶುಲ್ಕದ ಶಾಲೆಯ ಬಸ್ಸು ತೋಟದ ದಾರಿಯವರೆಗೆ ಬರುತ್ತದೆ; ಕನ್ನಡ ಶಾಲೆಗೆ ಆಷಾಢದ ಮಳೆಯಲ್ಲಿ ಮೂರು ಕಿಲೋಮೀಟರ್ ನಡೆಯಬೇಕು. ಮಾಧ್ಯಮ, ಸಂಸ್ಕೃತಿ ಎಂದು ನಾವು ಚರ್ಚಿಸುತ್ತಿರುವಾಗ ಒದ್ದೆ ಕೊಡೆ ಹಿಡಿದ ತಾಯಿ ತನ್ನ ತೀರ್ಮಾನವನ್ನು ಮಾಡಿಯಾಗಿರುತ್ತದೆ, ಅವಳನ್ನು ದೂರುವಂತಿಲ್ಲ. ಐದಾರು ಮನೆಗಳು ಸೇರಿ ಜೀಪನ್ನೋ ರಿಕ್ಷಾವನ್ನೋ ಗೊತ್ತುಮಾಡಬಹುದು. ಬಾಡಿಗೆ ಕೊಡಲಾಗದ ಮನೆಯ ಪಾಲನ್ನು ಸಂಘ ಹೊರಬಹುದು. ಅದು ಮೇ ತಿಂಗಳೊಳಗೆ ಆಗಬೇಕು. ಜೂನಿನ ಆರನೆಯ ಕೆಲಸದ ದಿನ ಕಳೆದರೆ ಆ ವರ್ಷದ ಲೆಕ್ಕ ಬರೆದಾಯಿತು.