ತಳ್ಳಿದ ಬಂಡೆಯ ವಿಷಯ

ಅಮೇರಿಕಾ ದೇಶದ ಯೂಟಾ ಸಂಸ್ಥಾನದ ಮರುಭೂಮಿಯಲ್ಲಿ ಗಾಬ್ಲಿನ್ ಕಣಿವೆ ಎಂಬ ಸ್ಥಳವುಂಟು. ಗಾಬ್ಲಿನ್ ಅಂದರೆ ಅಲ್ಲಿಯ ಅಜ್ಜಿಕಥೆಗಳ ಕುಳ್ಳ ಭೂತ. ಹೆಸರು ಕೇಳಿ ಪ್ರಿಯ ಸಭಿಕರು ಬೆದರಬೇಕಾದದ್ದಿಲ್ಲ. ಇರುವವು ಬರೀ ಕಲ್ಲುಗಳೇ. ಅದನ್ನು ಪ್ರಸಿದ್ಧಿಪಡಿಸಿದ ಆರ್ಥರ್ ಚಾಫಿನ್ ಎಂಬವನು ಮೊದಲು ಅಣಬೆಗಳ ಕಣಿವೆ ಎಂದೇ ಕರೆದಿದ್ದನು. ಸಾವಿರಾರು ಬಂಡೆಗಳು ಸಣ್ಣ ಕುತ್ತಿಗೆಯ ಮೇಲೆ ದೊಡ್ಡ ತಲೆಯನ್ನು ಹೊತ್ತು ಸಂತೆಯ ಜನರಂತೆ ಗುಂಪುಗುಂಪಾಗಿ ನಿಂತಿವೆ. ಸುಮಾರು 17 ಕೋಟಿ ವರ್ಷಗಳ ಹಿಂದೆ ಸಮುದ್ರದಂಚಿನಲ್ಲಿ ಮರಳೂ ಕೆಸರೂ ಪದರಪದರವಾಗಿ ತಂಗಿ ಕಲ್ಲಾದವು. ಮೇಲಿನ ಗಟ್ಟಿ ಪದರವು ಮಳೆಗಾಳಿಗೆ ನಿಧಾನವಾಗಿ ಸವೆಯುತ್ತದೆ, ಕೆಳಗಿನ ಮೆದು ಪದರವು ಬೇಗ ಸವೆಯುತ್ತದೆ. ಆದಕಾರಣ ತಲೆಯುಳಿದು ಕುತ್ತಿಗೆ ಸಣ್ಣದಾಗುತ್ತದೆ. 1964ರಿಂದ ಅದು ಸಂಸ್ಥಾನದ ಉದ್ಯಾನವಾಗಿದೆ. ನೋಡಬಂದವರು ಆ ಬಂಡೆಗಳ ನಡುವೆ ಸ್ವೇಚ್ಛೆಯಾಗಿ ತಿರುಗಾಡಬಹುದು.

2013ನೇ ಇಸವಿಯ ಅಕ್ಟೋಬರಿನಲ್ಲಿ ಸ್ಕೌಟ್ ಬಾಲಕರೊಂದಿಗೆ ಬಂದ ನಾಯಕರಲ್ಲೊಬ್ಬನು ಅಂಥ ಒಂದು ತಲೆಯನ್ನು ತಳ್ಳಿ ಉರುಳಿಸಿದನು. ಜತೆಗಾರನು ಅದರ ಚಿತ್ರ ತೆಗೆದನು, ನಕ್ಕರು, ಹರ್ಷಿಸಿದರು. ಅದು ಮಕ್ಕಳ ಮೇಲೆ ಬಿದ್ದೀತೆಂದು ಹಾಗೆ ಮಾಡಿದೆವು ಎಂಬುದು ಅವರ ಉತ್ತರ. 2014ರಲ್ಲಿ ಅವರು ನ್ಯಾಯಸ್ಥಾನದ ಮುಂದೆ ತಪ್ಪನ್ನೊಪ್ಪಿಕೊಂಡರು.

ಇದರಲ್ಲಿ ಪಾಪವೇನು? ಕಲ್ಲಿಗೆ ಪ್ರಾಣವಿಲ್ಲ, ನೋವಿಲ್ಲ; ಹೇಗೂ ಒಂದು ದಿನ ಬೀಳತಕ್ಕದ್ದೇ. ಅದೇ ಸಂಸ್ಥಾನದ ಆರ್ಚಸ್ ಉದ್ಯಾನದಲ್ಲಿ ವಾಲ್ ಆರ್ಚ್ ಎಂಬ ಕಲ್ಲಿನ ಕಮಾನು 2008ರ ಆಗಸ್ಟಿನ ಒಂದು ರಾತ್ರಿ ತಾನಾಗಿಯೇ ಕುಸಿಯಿತು; ಯಾರನ್ನೂ ದೂರುವ ಪ್ರಸಂಗ ಬರಲಿಲ್ಲ. ಆದರೆ ಸಾಯತಕ್ಕ ಮುದುಕನನ್ನು ಕೊಂದವನು, ಹೇಗೂ ಸಾಯುತ್ತಿದ್ದನು ಎಂದರೆ ನಾವು ಒಪ್ಪುವೆವೋ? ಕಲ್ಲು ಮನುಷ್ಯನಲ್ಲ, ನಿಜ. ಆದರೂ ಆ ನೆವವು ಎರಡು ಕಡೆಯಲ್ಲಿಯೂ ಒಂದೇ.

ಅರಣ್ಯಕಾಂಡದ 20ನೇ ಅಧ್ಯಾಯದಲ್ಲಿ ಮೋಶೆಯು ಬಂಡೆಯೊಂದಿಗೆ ಮಾತಾಡಬೇಕೆಂದು ಅಪ್ಪಣೆ ಹೊಂದಿಯೂ ಅದನ್ನು ಎರಡಾವರ್ತಿ ಹೊಡೆದನು. ನೀರು ಬಂತು, ಜನರು ಕುಡಿದರು. ಆದರೂ ಮೋಶೆಯು ವಾಗ್ದತ್ತ ದೇಶವನ್ನು ಸೇರದೆ ಹೋದನು. ಬಂಡೆಗೆ ನೋವಾಯಿತೆಂದು ದೇವರು ಶಿಕ್ಷಿಸಲಿಲ್ಲವಷ್ಟೆ; ಹೊಡೆದವನ ಹೃದಯವನ್ನು ನೋಡಿದನು. ಆ ನಾಯಕರ ಹೃದಯದಲ್ಲಿ ಮಕ್ಕಳ ಚಿಂತೆ ಸ್ವಲ್ಪವಾದರೂ ಇದ್ದಿರಬಹುದು. ಒಂದೇ ಹೃದಯದಲ್ಲಿ ಭಯವೂ ವಿನೋದವೂ ಕೂಡಿರುವುದನ್ನು ನಾವು ನಮ್ಮಲ್ಲಿಯೇ ಕಂಡಿದ್ದೇವೆ. ಆದರೆ ಭಯ ಮಾತ್ರವೇ ಇದ್ದರೆ ಮಕ್ಕಳನ್ನು ದೂರ ಕರಕೊಂಡು ಕಾವಲುಗಾರರಿಗೆ ತಿಳಿಸುತ್ತಿದ್ದರು, ನಗು ಹುಟ್ಟುತ್ತಿರಲಿಲ್ಲ.

ಇದನ್ನು ಬರೆಯಲು ನಮಗೆ ಬೇರೊಂದು ಕಾರಣವುಂಟು. ನಮ್ಮ ಸಭೆಯ ಇಬ್ಬರು ಯೌವನಸ್ಥರು ಕೆರೆಯ ಏರಿಯ ಹತ್ತಿರವಿದ್ದ ಹಳೆಯ ವೀರಗಲ್ಲನ್ನು ಕೆಡವಿ, ಕ್ರೈಸ್ತನು ಕಲ್ಲಿಗೆ ಅಂಜುವನೋ ಎಂದು ನಮ್ಮ ಮುಂದೆ ಹೆಚ್ಚಳಪಟ್ಟರು. ಕಲ್ಲಿಗೆ ಅಡ್ಡಬೀಳುವುದನ್ನು ನಾವು ಬಿಟ್ಟದ್ದು ಸತ್ಯ. ಅದಕ್ಕೆ ಅಡ್ಡಬೀಳದವನಿಗೆ ಅದನ್ನು ಕೆಡವುವ ಅಧಿಕಾರವು ಯಾವಾಗ ಬಂತು? ಊರಿಗಾಗಿ ಸತ್ತ ಯಾವನೋ ಒಬ್ಬನ ಗುರುತು ಅದು. ಯಾಕೋಬನು ಸಹ ರಾಹೇಲಳ ಸಮಾಧಿಯ ಮೇಲೆ ಕಲ್ಲು ನಿಲ್ಲಿಸಿದನಲ್ಲಾ. ಈ ಮಾತುಗಳನ್ನು ಅವರಿಗೆ ಹೇಳಿದೆವು. ಒಬ್ಬನು ತಲೆತಗ್ಗಿಸಿದನು, ಮತ್ತೊಬ್ಬನು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಒಪ್ಪದವನೇ ಹಗ್ಗವನ್ನೂ ಹಾರೆಯನ್ನೂ ತಂದು ನಮ್ಮ ಬಾಗಿಲಲ್ಲಿ ನಿಂತಿದ್ದನು.