ಮರೆತವರಿಗೆ ಹೇಳುವ ಸತ್ಯ

ಗ್ರಾಮಸಭೆಯೊಂದರ ಸಹೋದರನು ಕಳೆದ ಸುಗ್ಗಿಯ ಕಾಲದಲ್ಲಿ ನಮ್ಮ ಬಳಿಗೆ ಬಂದು ತನ್ನ ಮನಸ್ಸಾಕ್ಷಿಯ ಸಂಕಟವೊಂದನ್ನು ತೋಡಿಕೊಂಡನು. ಅವನ ತಾಯಿಗೆ ಎಂಬತ್ತು ದಾಟಿದೆ. ಹೊತ್ತು ಮುಳುಗುವಾಗೆಲ್ಲಾ ಆಕೆ ಬಾಗಿಲಲ್ಲಿ ನಿಂತು, ತನ್ನ ಗಂಡನು ಹೊಲದಿಂದ ಬಂದನೋ ಎಂದು ಕೇಳುವಳು. ಆತನು ಕರ್ತನಲ್ಲಿ ನಿದ್ರೆಹೋಗಿ ಹನ್ನೊಂದು ವರುಷಗಳಾದವು. ಸುಳ್ಳಾಡಬಾರದೆಂದು ಮಗನು ಇದ್ದದ್ದನ್ನು ಇದ್ದಂತೆಯೇ ಹೇಳುವನು. ಆಕೆಯು ಆಗಲೇ ಸುದ್ದಿ ಕೇಳಿದವಳಂತೆ ಎದೆ ಬಡಿದುಕೊಂಡು ಅಳುವಳು. ಮರುದಿನ ಸಂಜೆ ಮತ್ತೆ ಅದೇ ಪ್ರಶ್ನೆ. ಸೊಸೆಯಾದರೋ, "ಬರುತ್ತಾರೆ ಅತ್ತೆ, ಅಷ್ಟರೊಳಗೆ ನೀವು ಎರಡು ತುತ್ತು ಉಣ್ಣಿರಿ" ಎಂದು ಒಳಕ್ಕೆ ಕರೆದುಕೊಂಡು ಹೋಗುವಳು. ಸುಳ್ಳುಸಾಕ್ಷಿಯ ವಿಷಯವಾದ ಆಜ್ಞೆಯನ್ನು ತನ್ನ ಹೆಂಡತಿಯು ದಿನಾಲೂ ಮೀರುತ್ತಿದ್ದಾಳಲ್ಲವೇ ಎಂಬುದೇ ಅವನ ಪ್ರಶ್ನೆ.

ಅದಕ್ಕೆ ಮುಂಚೆ ಒಂದು ಮಾತು. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಂಬಿ ನಮ್ಮವರು ಇಂಥ ಮರೆವನ್ನು ಮುಪ್ಪಿನ ಸಹಜ ಗುಣವೆಂದೆಣಿಸುತ್ತಾರೆ. ಹಾಗಲ್ಲ, ಇದು ಮಿದುಳಿನ ರೋಗ. ಇದರಲ್ಲಿ ಅತಿ ಸಾಮಾನ್ಯವಾದ ಬಗೆಯನ್ನು ಜರ್ಮನ್ ವೈದ್ಯನಾದ ಆಲ್ಜೈಮರನು 1906ರಲ್ಲಿ ವಿವರಿಸಿದನು. 2023ರಲ್ಲಿ ಪ್ರಕಟವಾದ ಲೆಕ್ಕದಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದ ನೂರು ಮಂದಿಯಲ್ಲಿ ಏಳು ಮಂದಿಗೆ ಈ ಬಾಧೆಯುಂಟು. ಥೈರಾಯ್ಡಿನ ದೋಷದಿಂದಲೂ ಬಿ12 ಜೀವಸತ್ವದ ಕೊರತೆಯಿಂದಲೂ ಬರುವ ಮರೆವು ಔಷಧದಿಂದ ಇಳಿಯುವದುಂಟು. ಆದಕಾರಣ ಮೊದಲು ವೈದ್ಯರಿಗೆ ತೋರಿಸತಕ್ಕದ್ದು. ನಡುವಯಸ್ಸಿನವರು ರಕ್ತದೊತ್ತಡವನ್ನೂ ಸಕ್ಕರೆ ಕಾಯಿಲೆಯನ್ನೂ ಹತೋಟಿಯಲ್ಲಿಟ್ಟು, ಬೀಡಿ ಬಿಟ್ಟು, ಕಿವಿ ಮಂದವಾದರೆ ಚಿಕಿತ್ಸೆ ಮಾಡಿಸಿಕೊಂಡರೆ ಅಪಾಯವು ಕಡಿಮೆ. ಆ ತಾಯಿಯನ್ನು ಆಸ್ಪತ್ರೆಯಲ್ಲಿ ತೋರಿಸಿ ಆಗಿದೆ. ಆಕೆಯ ರೋಗವು ಹಿಂತಿರುಗುವಂಥದಲ್ಲ.

ಇನ್ನು ಪ್ರಶ್ನೆಗೆ ಬರೋಣ. ಸತ್ಯವನ್ನು ಹೇಳುವದು ಕೇಳುವವನಿಗೆ ತಿಳಿಯಲೆಂದಷ್ಟೆ. ಮಗನ ಮಾತು ತಾಯಿಗೆ ತಿಳುವಳಿಕೆಯನ್ನು ಕೊಡಲಿಲ್ಲ, ಯಾಕಂದರೆ ಅದು ನಿಲ್ಲಲಿಲ್ಲ. ಮಾತು ಮರೆತ ಮೇಲೆಯೂ ಅದು ತಂದ ದುಃಖ ಮಾತ್ರ ಉಳಿಯಿತು. ಹಾಗಾದರೆ ಸೊಸೆಯು ಮಾಡಿದ್ದೇ ಸರಿಯೋ? ಆಕೆಯ ಪ್ರೀತಿಯಲ್ಲಿ ಕುಂದಿಲ್ಲ. ಮಾತಿನಲ್ಲಿ ನಮಗೆ ತುಸು ಸಂಕೋಚವುಂಟು. ಬರುತ್ತಾರೆಂದು ಕೇಳಿದ ಮುದುಕಿ ರಾತ್ರಿಯೆಲ್ಲಾ ಕಾದು ಕೂತದ್ದೂ ಇದೆ. ಆಕೆ ನಿಜವಾಗಿ ಹುಡುಕುವದೇನು? ವರ್ತಮಾನವನ್ನಲ್ಲ, ತನ್ನವರ ಸಮೀಪತೆಯನ್ನು. "ಅಪ್ಪನ ನೆನಪಾಯಿತೇ ಅವ್ವಾ? ಹೊಲದಿಂದ ಬಂದ ಕೂಡಲೆ ಅವರಿಗೆ ಏನು ಕೊಡುತ್ತಿದ್ದಿ?" ಎಂದು ಪಕ್ಕದಲ್ಲಿ ಕೂತು ಕೇಳಿದರೆ ಸುಳ್ಳೂ ಇಲ್ಲ, ಗಾಯವೂ ಇಲ್ಲ. ಎಲ್ಲಾ ಸಂಜೆಯೂ ಇದು ಸಾಗದು. ಸಾಗದ ದಿನ ಸೊಸೆಯು ತನ್ನ ಮಾತನ್ನೇ ಹೇಳಲಿ. ಆಕೆಯನ್ನು ದೋಷಿಯೆನ್ನಲು ನಮಗೆ ಬಾಯಿ ಬಾರದು.

ಹೀಗೆ ಸಡಿಲಬಿಟ್ಟರೆ ಕಡೆ ಎಲ್ಲಿ ಎಂದು ಕೆಲವರು ಕೇಳಬಹುದು. ಇಸಾಕನ ಕಣ್ಣು ಮಬ್ಬಾಗಿದ್ದಾಗ ಯಾಕೋಬನು ಕೈಗಳಿಗೆ ಆಡುಮರಿಯ ಚರ್ಮವನ್ನು ಸುತ್ತಿಕೊಂಡು ಬಂದದ್ದನ್ನು ನೋಡಿರಿ. ಮುದುಕನ ಕುಂದನ್ನು ತನ್ನ ಲಾಭಕ್ಕೆ ತಿರುಗಿಸಿಕೊಂಡದ್ದೇ ಅಲ್ಲಿನ ಸುಳ್ಳು. ನಮ್ಮ ಊರುಗಳಲ್ಲಿ ಆ ಚರ್ಮದ ಸ್ಥಾನದಲ್ಲಿ ಹೆಬ್ಬೆಟ್ಟಿನ ಮಸಿಯಿದೆ. ಏನೆಂದು ತಿಳಿಯದ ತಾಯಿಯಿಂದ ಹೊಲದ ಪತ್ರಕ್ಕೆ ಗುರುತು ಒತ್ತಿಸಿಕೊಳ್ಳುವವನು ಸಂಜೆಯ ಪ್ರಶ್ನೆಗೆ ಎಷ್ಟು ಸತ್ಯವಾಗಿ ಉತ್ತರಕೊಟ್ಟರೇನು? ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿಯನ್ನು ಪಡೆದು ಕೈಬಿಟ್ಟವನ ಪತ್ರವನ್ನು 2007ರ ಕಾಯಿದೆಯ ಮೇರೆಗೆ ರದ್ದುಮಾಡಿಸಬಹುದು. ಹಿರಿಯರ ಸಹಾಯಕ್ಕೆ 14567 ಎಂಬ ದೂರವಾಣಿಯೂ ಉಂಟು.

ಇಷ್ಟೆಲ್ಲಾ ವಾದದಲ್ಲಿ ಸೊಸೆಯನ್ನು ಮರೆತೆವು. ನಡುರಾತ್ರಿ ಎದ್ದು ಅತ್ತೆಯನ್ನು ಹಿತ್ತಲಿಗೆ ಕರೆದೊಯ್ಯುವವಳು ಆಕೆಯೇ. ಎಂಟು ತಿಂಗಳು ಆರಾಧನೆಗೆ ಬಾರದಿರಲು, ಆಕೆಯ ಭಕ್ತಿ ತಣ್ಣಗಾಯಿತೆಂದು ಸಭೆಯವರು ಮಾತಾಡಿಕೊಂಡರು. ಆ ಮನೆಯ ಬಾಗಿಲಿಗೆ ಹೋಗಿ ಕೇಳಿದವರು ಯಾರೂ ಇಲ್ಲ, ನಾವೂ ಸಹ. ಈಗ ಸ್ತ್ರೀಸಮಾಜದ ಇಬ್ಬರು ಆದಿತ್ಯವಾರಗಳಲ್ಲಿ ಸರದಿಯಂತೆ ಅಲ್ಲಿ ಕೂರುತ್ತಾರೆ, ಸೊಸೆಯು ದೇವಾಲಯಕ್ಕೆ ಬರುತ್ತಾಳೆ. ತಾಯಿಯು ಬಂದವರ ಹೆಸರನ್ನು ಅರಿಯಳು. ಆದರೆ ಅವರು ಹಳೆಯ ಕೀರ್ತನೆಯೊಂದನ್ನು ಎತ್ತಿ ನಡುವೆ ತಡವರಿಸಿದರೆ, ಎರಡನೆಯ ಚರಣವನ್ನು ಆಕೆಯೇ ಹಾಡಿ ಮುಗಿಸುತ್ತಾಳೆ.